ಯಾವ ಪೇಪರ್ ಟ್ರಿಮ್ಮರ್ ಕೊಳ್ಳಲಿ?

ಪ್ರಶ್ನೆ: ಮಗಳ ಫೋಟೊಗಳನ್ನೆಲ್ಲ ಸೇರಿಸಿ ಸ್ಕ್ರಾಪ್‌ಬುಕ್ ಮಾಡುತ್ತಿದ್ದೇನೆ. ಕತ್ತರಿಯಲ್ಲಿ ಅಂಚು ನೇರ ಬರುತ್ತಿಲ್ಲ. ಯಾವ ಟ್ರಿಮ್ಮರ್ ಒಳ್ಳೆಯದು?

ಉತ್ತರ: ಮೊದಲು ನಿಮ್ಮ ಹಾಳೆಯನ್ನು ಅಳೆಯಿರಿ. ಸ್ಕ್ರಾಪ್‌ಬುಕ್ ಹಾಳೆ ಸಾಮಾನ್ಯವಾಗಿ 12 ಇಂಚು ಚೌಕ, ಅಂದರೆ ಸುಮಾರು 30.5 ಸೆಂ.ಮೀ. ಎ4 ಹಾಳೆಯ ಉದ್ದ 29.7 ಸೆಂ.ಮೀ. ಮಾತ್ರ. ಹಾಗಾಗಿ ಡಬ್ಬದ ಮೇಲಿನ 'ಎ4' ಎಂಬುದನ್ನು ನಂಬದೆ, ಬ್ಲೇಡು ಎಷ್ಟು ಉದ್ದ ಕತ್ತರಿಸುತ್ತದೆಂದು ಕೇಳಿ.

ಹಿಡಿಯನ್ನು ಕೆಳಕ್ಕೆ ಒತ್ತಿ ಕತ್ತರಿಸುವ ಗಿಲೋಟಿನ್ ದಪ್ಪ ಹಾಳೆಗೆ ಸೈ. ಆದರೆ ಹಾಳೆಯನ್ನು ಬಿಗಿಯಾಗಿ ಒತ್ತಿ ಹಿಡಿಯದಿದ್ದರೆ ಬ್ಲೇಡು ಅದನ್ನು ತನ್ನತ್ತ ಎಳೆದುಕೊಂಡು ಅಂಚು ಓರೆಯಾಗುತ್ತದೆ. ಮಕ್ಕಳಿರುವ ಮನೆಗೆ ನಾನಂತೂ ಇದನ್ನು ಹೇಳುವುದಿಲ್ಲ. ಉರುಳುವ ಚಕ್ರದ ರೋಟರಿ ತೆಳು ಹಾಳೆಯನ್ನೂ ಹರಿಯದೆ ಕತ್ತರಿಸುತ್ತದೆ, ಬೆಲೆ ತುಸು ಹೆಚ್ಚು. ನಿಮಗೆ ಜಾರು ಬ್ಲೇಡಿನದೇ ಸಾಕು. ಹಗುರ, ಅಗ್ಗ, ಫೋಟೊಗೂ 200 ಜಿಎಸ್‌ಎಂ ಕಾರ್ಡಿಗೂ ಆಗುತ್ತದೆ. ಒಂದು ಸಲಕ್ಕೆ ಒಂದೇ ಹಾಳೆ ಇಡಿ. ಮಿನುಗು ಪುಡಿ ಅಂಟಿಸಿದ ಹಾಳೆ ಬ್ಲೇಡನ್ನು ಬೇಗ ಮೊಂಡು ಮಾಡುತ್ತದೆ. ಅಂಚು ಜುಂಗು ಜುಂಗಾದರೆ ಬ್ಲೇಡು ಬದಲಿಸುವ ಕಾಲ ಬಂತು.

ಅಂಗಡಿಯಲ್ಲೇ ಪರೀಕ್ಷಿಸಿ: ಒಂದು ಹಾಳೆಯನ್ನು ನಡುವೆ ಕತ್ತರಿಸಿ, ಒಂದು ತುಂಡನ್ನು ಪುಸ್ತಕ ಮುಚ್ಚಿದಂತೆ ಇನ್ನೊಂದರ ಮೇಲೆ ಮಗುಚಿ. ಅಂಚುಗಳು ಓರೆಯಾಗಿ ಕಂಡರೆ ಆ ಯಂತ್ರ ಬೇಡ. ಬದಲಿ ಬ್ಲೇಡು ಸಿಗದ ಟ್ರಿಮ್ಮರ್ ಎಷ್ಟೇ ಅಗ್ಗವಿದ್ದರೂ ಕೊಳ್ಳಬೇಡಿ.