ಚುಕ್ಕಿ ಆಕಾಶದಲ್ಲಿ, ಅಂಜಿಕೆ ಮನಸ್ಸಿನಲ್ಲಿ



ಶಹಾಪುರದ ಬೆಟ್ಟವನ್ನು ನೀವೆಲ್ಲ ನೋಡಿದ್ದೀರಿ. ದೂರದಿಂದ ನೋಡಿದರೆ ಬುದ್ಧ ಮಲಗಿದಂತೆ ಕಾಣುತ್ತದೆ. ಹತ್ತಿರ ಹೋದರೆ ಬರೀ ಬಂಡೆಗಲ್ಲು. ಕಲ್ಲುಗಳಿರುವುದು ಬೆಟ್ಟದಲ್ಲಿ, ಬುದ್ಧನಿರುವುದು ನೋಡುವವರ ಮನಸ್ಸಿನಲ್ಲಿ. ಚದುರಿದ್ದನ್ನು ಕೂಡಿಸಿ ರೂಪ ಕಟ್ಟುವುದು ಮನಸ್ಸಿನ ಸ್ವಭಾವ.

ಆಕಾಶದಲ್ಲಿಯೂ ನಾವು ಇದನ್ನೇ ಮಾಡಿದ್ದೇವೆ. ಸಪ್ತರ್ಷಿ ಮಂಡಲದ ಏಳು ಚುಕ್ಕಿಗಳು ಒಂದೇ ಮನೆಯವರಂತೆ ಕಾಣುತ್ತವೆ. ನಿಜವಾಗಿ ನಡುವಿನ ಐದು ಮಾತ್ರ ಜೊತೆಗಾರರು. ಅವುಗಳ ಬೆಳಕು ನಮ್ಮನ್ನು ಮುಟ್ಟಲು ಸುಮಾರು 80 ವರ್ಷ ಬೇಕು. ಎರಡು ತುದಿಯ ಚುಕ್ಕಿಗಳ ಬೆಳಕಿಗೆ 100 ವರ್ಷಕ್ಕೂ ಹೆಚ್ಚು ಬೇಕು. ಏಳನ್ನೂ ಒಂದು ಮಾಡಿದ್ದು ನಮ್ಮ ಕಣ್ಣು.

ಹಾಗಾದರೆ ನಕ್ಷತ್ರಗಳಿಂದ ಪ್ರಯೋಜನವೇ ಇಲ್ಲವೇ? ಇದೆ. ಜೂನ್ 7-8ರ ಸುಮಾರಿಗೆ ಸೂರ್ಯ ಮೃಗಶಿರಾ ನಕ್ಷತ್ರಕ್ಕೆ ಬರುತ್ತಾನೆ. ಯಾದಗಿರಿ ಸೀಮೆಯ ರೈತ ಮಿರಗದ ಮಳೆ ನೋಡಿ ಹೆಸರು, ತೊಗರಿ ಬಿತ್ತುತ್ತಾನೆ. ಆದರೆ ಮಳೆ ತರುವುದು ಸಮುದ್ರದ ಗಾಳಿ, ನಕ್ಷತ್ರವಲ್ಲ. ನಕ್ಷತ್ರ ಗಡಿಯಾರದ ಮುಳ್ಳು ಇದ್ದಂತೆ. ಮುಳ್ಳು ಹನ್ನೆರಡಕ್ಕೆ ಬಂದಿತೆಂದು ಹಸಿವಾಗುವುದಿಲ್ಲ. ಹಸಿವಾಗುವ ಹೊತ್ತನ್ನು ಅದು ತಿಳಿಸುತ್ತದೆ, ಅಷ್ಟೆ. ಹೊತ್ತು ತಿಳಿಸುವುದನ್ನು ಹಣೆಬರಹ ಬರೆಯುವುದೆಂದು ತಿಳಿದಾಗ ಅಂಜಿಕೆ ಹುಟ್ಟುತ್ತದೆ.

ಸುರಪುರದ ಕಥೆ ಕೇಳಿ. ರಾಜಾ ವೆಂಕಟಪ್ಪ ನಾಯಕರು ಬಾಲಕರಿದ್ದಾಗ ಸಂಸ್ಥಾನದ ಆಡಳಿತ ನೋಡಿಕೊಂಡವರು ಮೆಡೋಸ್ ಟೇಲರ್. 1877ರಲ್ಲಿ ಅಚ್ಚಾದ ಆತ್ಮಕಥೆಯಲ್ಲಿ ಅವರು ಒಂದು ಜಾತಕದ ಸಂಗತಿ ಬರೆದಿದ್ದಾರೆ. ರಾಜ ತನ್ನ 24ನೆಯ ವರ್ಷದಲ್ಲಿ ತೀರಿಕೊಳ್ಳುವನೆಂದು ಅದರಲ್ಲಿತ್ತಂತೆ. ತಾಯಿ ರಾಣಿ ಈಶ್ವರಮ್ಮನವರಿಗೆ ಅದು ಗೊತ್ತಿತ್ತು. 1858ರಲ್ಲಿ ರಾಜರು ಬ್ರಿಟಿಷರ ವಿರುದ್ಧ ಎದ್ದರು, ಸೆರೆಯಾದರು. ಸೆರೆಮನೆಗೆ ಒಯ್ಯುವಾಗ ದಾರಿಯ ಬಿಡಾರದಲ್ಲಿ ಗುಂಡು ತಗುಲಿ ತೀರಿಕೊಂಡರು. ಜಾತಕ ನಿಜವಾಯಿತೆಂದು ಜನ ಬೆರಗಾದರು.

ನಾವು ವಿಚಾರ ಮಾಡೋಣ. ಆ ಕಾಲದಲ್ಲಿ ಎಷ್ಟು ಸಾವಿರ ಜಾತಕಗಳನ್ನು ಬರೆದಿರಬೇಕು! ಸುಳ್ಳಾದವು ಪೆಟ್ಟಿಗೆಯಲ್ಲೇ ಹುಳು ತಿಂದು ಹೋದವು. ಯಾರೂ ಅವುಗಳ ಕಥೆ ಬರೆಯಲಿಲ್ಲ. ನಿಜವಾದ ಒಂದು ಮಾತ್ರ ನೂರೈವತ್ತು ವರ್ಷ ಕಳೆದರೂ ಉಳಿದಿದೆ. ತಾಗಿದ ಕಲ್ಲನ್ನು ನೆನೆಯುವುದು, ತಪ್ಪಿದ ಕಲ್ಲನ್ನು ಮರೆಯುವುದು ಮನಸ್ಸಿನ ಗುಣ. ರಾಜರು ಹೋರಾಡಿ ಸೆರೆಯಾದರು; ಗ್ರಹಗಳು ಗುಂಡು ಹಾರಿಸಲಿಲ್ಲ. ಆದರೆ ಅಂಥ ಕಾಗದದ ಮಾತನ್ನು ಎದೆಯಲ್ಲಿಟ್ಟುಕೊಂಡ ತಾಯಿ ಮಗನ ಮುಖವನ್ನು ದಿನವೂ ಹೇಗೆ ನೋಡಿರಬೇಕು? ಆ ಸಂಕಟ ಮಾತ್ರ ನಿಜ.

ಅದು ಅರಮನೆಯ ಮಾತಾಯಿತು. ನಮ್ಮ ಮನೆಗಳಲ್ಲಿ? ಮೂಲಾ ನಕ್ಷತ್ರದವಳೆಂದು ಹೆಣ್ಣನ್ನು ಬೇಡವೆನ್ನುವವರು ಇಂದಿಗೂ ಇದ್ದಾರೆ. ಅವಳು ಹುಟ್ಟಿದ ದಿನ ಚಂದ್ರ ಆ ಚುಕ್ಕಿಗಳ ದಿಕ್ಕಿನಲ್ಲಿದ್ದ, ಅಷ್ಟೆ. ಸುಮಾರು 27 ದಿನಕ್ಕೊಮ್ಮೆ ಅವನು ಅಲ್ಲಿಗೆ ಬರುತ್ತಾನೆ. ಅಂದರೆ 27 ಮಕ್ಕಳಲ್ಲಿ ಒಬ್ಬರು ಮೂಲಾದವರೇ! ಅಷ್ಟು ಮನೆಗಳೆಲ್ಲ ಹಾಳಾಗಿವೆಯೇ? ಆ ಚುಕ್ಕಿಗಳ ಬೆಳಕು ಇಲ್ಲಿಗೆ ಬರಲು ನೂರಾರು ವರ್ಷ ಬೇಕು. ಅದು ಅಲ್ಲಿಂದ ಹೊರಟಾಗ ಅವಳ ಮುತ್ತಜ್ಜಿಯೂ ಹುಟ್ಟಿರಲಿಲ್ಲ. ಅದು ಅವಳ ಮಾವನನ್ನು ಬಲ್ಲದೇ? ಶುಭ ದಿನ, ಅಶುಭ ದಿನವೆಂದು ಅಂಜಬೇಡಿರೆಂದು ಶರಣರು ಹೇಳಿದ್ದು ಇದಕ್ಕೇ.

ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗಿದಾಗ ನಡುರಾತ್ರಿ ದಕ್ಷಿಣಕ್ಕೆ ನೋಡಿರಿ. ಚೇಳಿನ ಕೊಂಡಿಯಂತೆ ಹೊಳೆಯುವುದೇ ಮೂಲಾ. ಮಗಳನ್ನು ಎಬ್ಬಿಸಿ ತೋರಿಸಿರಿ. ಅದು ಎಷ್ಟು ಚೆಲುವಾಗಿದೆ ಎಂಬುದನ್ನು ಅವಳೇ ಹೇಳುತ್ತಾಳೆ.