ಲಕ್ಷಕ್ಕೊಬ್ಬರು, ಅದೂ ಎಂಟು ವರ್ಷಕ್ಕೊಮ್ಮೆ

ಬೆಂಗಳೂರಿನ ಉಲ್ಲಾಳ, ಉಲ್ಲಾಳ ಉಪನಗರ, ಮಲ್ಲತ್ತಹಳ್ಳಿ ಎಲ್ಲ ಸೇರಿ ಒಂದು ಲಕ್ಷ ಜನ ಎಂದಿಟ್ಟುಕೊಳ್ಳಿ. ಅಷ್ಟು ಜನರಲ್ಲಿ ಒಬ್ಬರಿಗೆ ಥೈಮೋಮಾ ಗಡ್ಡೆ ಕಾಣಿಸಿಕೊಳ್ಳಬೇಕಾದರೆ ಸುಮಾರು ಎಂಟು ವರ್ಷ ಕಳೆಯಬೇಕು. ಅಮೆರಿಕದ ದಾಖಲೆಗಳ ಪ್ರಕಾರ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಇದು ಬರುವುದು ಒಬ್ಬಿಬ್ಬರಿಗೆ. ಅದೇ ದರ ಹಿಡಿದರೆ, 2011ರ ಜನಗಣತಿಯಂತೆ 6.11 ಕೋಟಿ ಜನರಿದ್ದ ಇಡೀ ಕರ್ನಾಟಕಕ್ಕೆ ವರ್ಷಕ್ಕೆ ಎಂಬತ್ತು ಜನ. ಬೆಳಗಿನ ಹೊತ್ತಿನ ಒಂದು ಬಿಎಂಟಿಸಿ ಬಸ್ಸಿನಲ್ಲಿ ಹಿಡಿಸುವಷ್ಟು!

ಎದೆಮೂಳೆಯ ಹಿಂದೆ, ಹೃದಯದ ಮೇಲ್ಭಾಗದಲ್ಲಿ ಥೈಮಸ್ ಗ್ರಂಥಿ ಇದೆ. ಹರೆಯದಲ್ಲಿ ಮೂವತ್ತು ನಲವತ್ತು ಗ್ರಾಂ ತೂಗುತ್ತದೆ, ಆಮೇಲೆ ಕೊಬ್ಬಾಗಿ ಕರಗುತ್ತ ಹೋಗುತ್ತದೆ. ಅಲ್ಲಿ ಥೈಮೋಮಾ ಬೆಳೆದವರಲ್ಲಿ ಮೂವರಲ್ಲೊಬ್ಬರಿಗಾದರೂ ಸ್ನಾಯುಗಳು ಸೋಲುವ ಮಯಸ್ತೇನಿಯಾ ರೋಗ ಜೊತೆಗೂಡುತ್ತದೆ. ಸಂಜೆಯಾಗುತ್ತಿದ್ದಂತೆ ರೆಪ್ಪೆ ಜೋತುಬೀಳುತ್ತದೆ, ಊಟದ ನಡುವೆಯೇ ದವಡೆ ಸೋಲುತ್ತದೆ. ಎದೆಯಲ್ಲಿರುವ ರೋಗಕ್ಕೆ ಜನ ಮೊದಲು ಕಣ್ಣಿನ ಡಾಕ್ಟರ ಬಳಿ ಹೋಗುವುದು ಹೀಗೆ.

ಗಡ್ಡೆ ತೆಗೆಯುವ ಆಪರೇಷನ್ನಿನ ಜಾಗ ನೋಡಿ. ಮಿನಿಟಿಗೆ ಸುಮಾರು ಐದು ಲೀಟರ್ ರಕ್ತ ದೂಡುವ ಹೃದಯ ಕೆಳಗೆ ಬಡಿಯುತ್ತಲೇ ಇರುತ್ತದೆ. ಗ್ರಂಥಿಯ ಸಣ್ಣ ರಕ್ತನಾಳಗಳು ನೇರವಾಗಿ ಬಂದು ಸೇರುವ ದೊಡ್ಡ ಅಭಿಧಮನಿ ಅಲ್ಲೇ ಪಕ್ಕದಲ್ಲಿ. ಎಡಬಲಕ್ಕೆ ಒಂದೆರಡು ಮಿಲಿಮೀಟರ್ ದಪ್ಪದ ಫ್ರೆನಿಕ್ ನರಗಳು. ಅವುಗಳಲ್ಲಿ ಒಂದು ತುಂಡಾದರೂ ಆ ಬದಿಯ ವಪೆ ಉಸಿರಾಟಕ್ಕೆ ಕೆಲಸ ಮಾಡುವುದಿಲ್ಲ. ಗಡ್ಡೆಯ ಕವಚ ಒಡೆಯಕೂಡದು, ಒಂದು ಚೂರೂ ಉಳಿಯಕೂಡದು. ಮೊದಲೆಲ್ಲ ಎದೆಮೂಳೆಯನ್ನು ಉದ್ದಕ್ಕೆ ಗರಗಸದಿಂದ ಸೀಳುತ್ತಿದ್ದರು, ಈಗಲೂ ದೊಡ್ಡ ಗಡ್ಡೆಗೆ ಅದೇ ದಾರಿ. ಚಿಕ್ಕದಾದರೆ ಪಕ್ಕೆಲುಬುಗಳ ನಡುವೆ 8 ಮಿಲಿಮೀಟರಿನ ರೋಬೋಟ್ ಸಲಕರಣೆ ತೂರಿಸಿ, ಅಷ್ಟನ್ನೂ ಬಿಡಿಸಿ, ಚೀಲಕ್ಕೆ ಹಾಕಿ ಹೊರತೆಗೆಯುತ್ತಾರೆ. ನನಗಂತೂ ಇದು ನಂಬಲಾಗದ ಕೈಚಳಕ.

ಎದೆಯ ಗಡ್ಡೆಗಳ ಗಾತ್ರಕ್ಕೆ ಇನ್ನೊಂದು ತುದಿಯ ಲೆಕ್ಕವೂ ಇದೆ. 2021ರಲ್ಲಿ ಗುರುಗ್ರಾಮದ ಫೋರ್ಟಿಸ್ ಆಸ್ಪತ್ರೆಯಲ್ಲಿ ಒಬ್ಬ ಯುವಕನ ಎದೆಯಿಂದ ತೆಗೆದ ಗಡ್ಡೆ ತೂಗಿದ್ದು 13.85 ಕಿಲೋ. ಎದೆಗೂಡಿನ ಶೇ. 90ಕ್ಕಿಂತ ಹೆಚ್ಚು ಜಾಗವನ್ನು ಅದೇ ತುಂಬಿತ್ತು. ಆತ ಉಸಿರಾಡುತ್ತಿದ್ದದ್ದು ಉಳಿದ ಸಂದಿಯಲ್ಲಿ.

ಅಪರೂಪದ ರೋಗಕ್ಕೆ ಪುರಾವೆಯೂ ಅಪರೂಪವೇ. ಮಯಸ್ತೇನಿಯಾ ಇದ್ದ ಹೆಣ್ಣುಮಗಳೊಬ್ಬಳ ಥೈಮಸ್ ಗಡ್ಡೆಯನ್ನು ಶಸ್ತ್ರವೈದ್ಯ ಆಲ್ಫ್ರೆಡ್ ಬ್ಲೇಲಾಕ್ ತೆಗೆದದ್ದು 1936ರಲ್ಲಿ, ಅವಳು ಚೇತರಿಸಿಕೊಂಡಳು. ಹಾಗಾದರೆ ಗಡ್ಡೆಯಿಲ್ಲದ ಮಯಸ್ತೇನಿಯಾಕ್ಕೂ ಗ್ರಂಥಿ ತೆಗೆಯುವುದು ಫಲ ಕೊಟ್ಟೀತೇ? ದಶಕಗಟ್ಟಲೆ ಶಸ್ತ್ರವೈದ್ಯರು ತೆಗೆಯುತ್ತಲೇ ಬಂದರು. ಫಲವಿದೆ ಎಂದು ಗಟ್ಟಿ ಪ್ರಯೋಗ ತೋರಿಸಿದ್ದು 2016ರಲ್ಲಿ, ಎಂಬತ್ತು ವರ್ಷ ಕಳೆದ ಮೇಲೆ. ಆ ಪ್ರಯೋಗಕ್ಕೆ 36 ಕೇಂದ್ರಗಳು ಆರು ವರ್ಷ ಹುಡುಕಿ ಸೇರಿಸಿಕೊಂಡ ರೋಗಿಗಳು 126.

ಹೀಗಾಗಿ ಈ ಗಡ್ಡೆ ಎಂದು ಗೊತ್ತಾದವರು ಹತ್ತಿರದ ನರ್ಸಿಂಗ್ ಹೋಮಿನಲ್ಲೇ ಕತ್ತರಿಸಿಕೊಳ್ಳಲು ಆತುರಪಡಬಾರದು. ಇಂಥವನ್ನು ಪದೇ ಪದೇ ಮಾಡಿದ ಕೈಗಳನ್ನೇ ಹುಡುಕಬೇಕು. ನಮ್ಮ ಪುಣ್ಯಕ್ಕೆ ನರಕ್ಕೆ ನಿಮ್ಹಾನ್ಸ್, ಗಡ್ಡೆಗೆ ಕಿದ್ವಾಯಿ ಒಂದೇ ಊರಿನಲ್ಲಿ, ಅಕ್ಕಪಕ್ಕದಲ್ಲೇ ಇವೆ. ಹೊಲಿಗೆ ಬಿಚ್ಚಿದ ಮೇಲೂ ಫೈಲ್ ಎತ್ತಿಡುವಂತಿಲ್ಲ. ಹತ್ತು ವರ್ಷ ದಾಟಿದ ಮೇಲೆ ಮರಳುವ ಗಡ್ಡೆಗಳಿವೆ, ಸ್ಕ್ಯಾನ್ ಅಲ್ಲಿಯತನಕವೂ ನಡೆಯುತ್ತಿರಬೇಕು.