ಎಲೆಯ ಮೇಲೆ ಬರೆಯದ ಮಾತು

ಮ್ಯಾಜಿಕ್ ದ ಗ್ಯಾದರಿಂಗ್ ಅಂತ ಒಂದು ಎಲೆಯಾಟ ಇದೆ. ಮನೆಯಲ್ಲಿ ಹದಿಹರೆಯದ ಹುಡುಗರಿದ್ದರೆ ಈ ಹೆಸರು ನೀವು ಕೇಳಿರುತ್ತೀರಿ, ಅದಕ್ಕಾಗಿ ಜೇಬಿಂದ ಒಂದಿಷ್ಟು ಡಾಲರುಗಳನ್ನೂ ಕಳಕೊಂಡಿರುತ್ತೀರಿ! ಇಸ್ಪೀಟಿನ ಹಾಗೆ 52 ಎಲೆಯ ಒಂದೇ ಕಟ್ಟು ಇದಕ್ಕಿಲ್ಲ. ಇಲ್ಲಿಯವರೆಗೆ 25,000ಕ್ಕೂ ಹೆಚ್ಚು ಬಗೆಯ ಎಲೆಗಳು ಅಚ್ಚಾಗಿವೆ. ಅಂಗಡಿಯಲ್ಲಿ ಪುಟ್ಟ ಪೊಟ್ಟಣ ಕೊಳ್ಳಬೇಕು, ಒಳಗೆ ಏನು ಬಂದಿದೆ ಅನ್ನೋದು ಒಡೆದ ಮೇಲೇ ಗೊತ್ತು. ಬೇಕಾದ್ದು ಬರಲಿಲ್ಲವೋ, ಪಕ್ಕದವನ ಹತ್ತಿರ ಚೌಕಾಸಿ. "ನಿನ್ನ ಆ ಎರಡು ಕೊಡು, ನನ್ನ ಈ ಒಂದು ತಗೋ." ಬೆಂಕಿಪೊಟ್ಟಣದ ಚಿತ್ರ, ಕ್ರಿಕೆಟ್ ಆಟಗಾರರ ಕಾರ್ಡು ಬದಲಾಯಿಸಿಕೊಂಡು ಬೆಳೆದ ನಮ್ಮಂಥವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಯೇ ಇಲ್ಲ.

ಈ ಆಟದ ಬಗ್ಗೆ ಬರೆಯೋರು ಸಾಮಾನ್ಯವಾಗಿ ನಿಯಮಗಳ ಬಗ್ಗೆ ಬರೀತಾರೆ, ಚಿತ್ರಗಳ ಬಗ್ಗೆ ಬರೀತಾರೆ, ತಲೆ ತಿರುಗಿಸೋ ಬೆಲೆಗಳ ಬಗ್ಗೆಯಂತೂ ಬರೆದೇ ಬರೀತಾರೆ. ನನಗೆ ಕುತೂಹಲ ಇರೋದು ಇನ್ನೊಂದರಲ್ಲಿ. ಆಡುವವರು ತಮ್ಮತಮ್ಮಲ್ಲೇ ಕುದುರಿಸಿಕೊಳ್ಳೋ ಒಪ್ಪಂದಗಳಲ್ಲಿ. ಅವು ಯಾವ ಎಲೆಯ ಮೇಲೂ ಅಚ್ಚಾಗಿಲ್ಲ. ಆದರೆ ಈ ಆಟದ ಮೂವತ್ತು ಚಿಲ್ಲರೆ ವರ್ಷಗಳ ಕತೆಯನ್ನು ತಿರುಗಿಸಿದ್ದು ಬಹುಮಟ್ಟಿಗೆ ಅವೇ.

ಕತೆ ಅಂದೆ. ಇಲ್ಲಿ ಎರಡು ಥರದ ಕತೆಗಳಿವೆ, ಬಿಡಿಸಿ ಹೇಳಿಬಿಡ್ತೀನಿ. 1995ರಲ್ಲಿ ಲೆಜೆಂಡ್ ಆಫ್ ದ ಫೈವ್ ರಿಂಗ್ಸ್ ಅಂತ ಇನ್ನೊಂದು ಎಲೆಯಾಟ ಬಂತು. ರೊಕುಗನ್ ಅನ್ನೋ ಕಾಲ್ಪನಿಕ ಸಾಮ್ರಾಜ್ಯ, ಅದರಲ್ಲಿ ಏಡಿ, ಸಿಂಹ, ಚೇಳು ಇತ್ಯಾದಿ ಹೆಸರಿನ ಕುಲಗಳು. ದೊಡ್ಡ ಪಂದ್ಯಾವಳಿಗಳಲ್ಲಿ ಯಾವ ಕುಲದ ಎಲೆಗಳು ಗೆಲ್ಲುತ್ತವೋ ಅದಕ್ಕೆ ತಕ್ಕಂತೆ ಕಂಪನಿಯವರು ಮುಂದಿನ ಕತೆ ಬರೆಯುತ್ತಿದ್ದರು. ಅಂದರೆ ಆಟಗಾರರು ನೇರವಾಗಿ ಕತೆಗಾರರು! ಮ್ಯಾಜಿಕ್‌ನಲ್ಲಿ ಹಾಗಿಲ್ಲ. ಅದರ ಮಾಂತ್ರಿಕರ, ಡ್ರ್ಯಾಗನ್‌ಗಳ ಕತೆಯನ್ನು ಕಂಪನಿಯವರೇ ಕೂತು ಬರೀತಾರೆ, ಯಾರು ಗೆದ್ದರೂ ಸೋತರೂ ಅದು ಬದಲಾಗೋದಿಲ್ಲ. ಆದರೆ ಆ ಆಟದ್ದೇ ಒಂದು ಬಾಳಿನ ಕತೆ ಇದೆಯಲ್ಲ, ಅದನ್ನು ಬರೆದವರು ಮೇಜಿನ ಸುತ್ತ ಕೂತವರು. ನಾನು ಹೇಳಹೊರಟಿರೋದು ಅದನ್ನೇ.

ಮೊದಲ ಒಪ್ಪಂದ: "ಪಣ ಬೇಡ ಬಿಡೋ"

ಮ್ಯಾಜಿಕ್ ಕಟ್ಟಿದವನು ರಿಚರ್ಡ್ ಗಾರ್ಫೀಲ್ಡ್. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಗಣಿತದಲ್ಲಿ ಪಿಎಚ್‌ಡಿ ಮಾಡುತ್ತಿದ್ದವನು. ವಿಜರ್ಡ್ಸ್ ಆಫ್ ದ ಕೋಸ್ಟ್ ಎಂಬ ಚಿಕ್ಕ ಕಂಪನಿಯ ಪೀಟರ್ ಆಡ್ಕಿಸನ್ ಅವನಿಗೆ, "ಸಮ್ಮೇಳನಗಳಲ್ಲಿ ಜನ ಸಾಲಲ್ಲಿ ನಿಂತಿರುವಾಗಲೂ ಆಡಬಹುದಾದ ಪುಟ್ಟ ಆಟ ಬೇಕು" ಎಂಬರ್ಥದ ಬೇಡಿಕೆ ಇಟ್ಟ. 1993ರ ಆಗಸ್ಟಿನಲ್ಲಿ ಆಟ ಮಾರುಕಟ್ಟೆಗೆ ಬಂತು. ಮೊದಲ ಮುದ್ರಣದ ಸುಮಾರು 26 ಲಕ್ಷ ಎಲೆಗಳು ನೋಡನೋಡುತ್ತಿದ್ದಂತೆ ಖಾಲಿ.

ಗಾರ್ಫೀಲ್ಡನ ಲೆಕ್ಕಾಚಾರದಲ್ಲಿ ವಿನಿಮಯ ಆಟದ ಒಂದು ಅಂಗವೇ ಆಗಿತ್ತು. ಪ್ರತಿಯೊಬ್ಬನೂ ಒಂದು ಬೋರ್ಡ್ ಗೇಮಿಗೆ ಎಷ್ಟು ಖರ್ಚು ಮಾಡ್ತಾನೋ ಅಷ್ಟೇ ಖರ್ಚು ಮಾಡ್ತಾನೆ, ಒಂದು ಸ್ನೇಹಿತರ ಗುಂಪಿನಲ್ಲಿ ಬಲಿಷ್ಠ ಎಲೆ ಅಂದರೆ ಒಂದೋ ಎರಡೋ ಇರುತ್ತೆ, ಅದು ಕೈಯಿಂದ ಕೈಗೆ ಓಡಾಡುತ್ತೆ ಅಂತ ಅವನ ಎಣಿಕೆ. ಓಡಾಡಲಿ ಅಂತಲೇ ಒಂದು ನಿಯಮವನ್ನೂ ಇಟ್ಟಿದ್ದ: ಆಟ ಶುರುವಾಗೋ ಮುಂಚೆ ಇಬ್ಬರೂ ತಮ್ಮ ಕಟ್ಟಿನಿಂದ ಕಣ್ಣುಮುಚ್ಚಿ ಒಂದೊಂದು ಎಲೆ ಪಣಕ್ಕಿಡಬೇಕು. ಗೆದ್ದವನಿಗೆ ಎರಡೂ ಖಾಯಂ.

ಆದದ್ದೇನು? ಎಲೆ ಹಂಚೋ ಮುಂಚೆ ಇಬ್ಬರೂ ಮುಖ ಮುಖ ನೋಡಿಕೊಂಡು, "ಪಣ ಬೇಡ ಅಲ್ವಾ?" "ಬೇಡ ಬಿಡೋ" ಅಂದುಬಿಟ್ಟರು. ಊರೂರಲ್ಲಿ ಇದೇ ಆಯ್ತು. ನಿಯಮ ಪುಸ್ತಕದಲ್ಲಿದ್ದದ್ದನ್ನು ಆಡುವವರು ಬಾಯಿಮಾತಲ್ಲೇ ತೆಗೆದುಹಾಕಿದರು. 1995ರ ಹೋಮ್‌ಲ್ಯಾಂಡ್ಸ್ ಮಾಲೆಯ ನಂತರ ಪಣಕ್ಕೆ ಸಂಬಂಧಿಸಿದ ಹೊಸ ಎಲೆಯನ್ನು ಕಂಪನಿ ಅಚ್ಚು ಹಾಕಲೇ ಇಲ್ಲ. ಸೋತರೆ ನನ್ನ ಎಲೆ ಹೋಗುತ್ತೆ ಅನ್ನೋ ಭಯವಿದ್ದಿದ್ದರೆ ಎಷ್ಟು ಮಕ್ಕಳು ಎರಡನೇ ಸಲ ಆಡೋಕೆ ಬರ್ತಿದ್ದರು ಹೇಳಿ? ಈ ಆಟವನ್ನು ಮೊದಲು ಉಳಿಸಿದ್ದು ಆ "ಬೇಡ ಬಿಡೋ" ಅಂತ ನನ್ನ ಅನಿಸಿಕೆ.

ಕಂಪನಿ ಕೊಟ್ಟ ಮಾತು

ಗಾರ್ಫೀಲ್ಡನ ಇನ್ನೊಂದು ಎಣಿಕೆಯೂ ತಲೆಕೆಳಗಾಯ್ತು. ಜನ ಒಂದೆರಡು ಪೊಟ್ಟಣಕ್ಕೆ ನಿಲ್ಲಲಿಲ್ಲ, ಡಬ್ಬಗಟ್ಟಲೆ ಕೊಂಡರು. ಶುರುವಿನಲ್ಲಿ ಎಲೆಗಳ ಪೂರ್ತಿ ಪಟ್ಟಿಯನ್ನು ಕಂಪನಿ ಪ್ರಕಟಿಸಿರಲಿಲ್ಲ. ಹಾಗಾಗಿ ಬೆಲೆ ಅನ್ನೋದು ಗಾಳಿಮಾತಿನ ಮೇಲೆ. ಆಗ ಹುಡುಗರು ಮುಗಿಬೀಳುತ್ತಿದ್ದ ಎಲೆಗಳಲ್ಲೊಂದು 'ಶಿವನ್ ಡ್ರ್ಯಾಗನ್'. (ಅಂದ ಹಾಗೆ ನಮ್ಮ ಶಿವನಿಗೂ ಇದಕ್ಕೂ ಸಂಬಂಧ ಹುಡುಕಬೇಡಿ, ಅದು 'ಶಿವ್' ಎಂಬ ಕಾಲ್ಪನಿಕ ನಾಡಿನ ಡ್ರ್ಯಾಗನ್!) 'ಬ್ಲ್ಯಾಕ್ ಲೋಟಸ್' ಎಂಬ ಕಪ್ಪು ಕಮಲದ ಎಲೆ ನೋಡೋಕೆ ಸಾದಾ ಸೀದಾ. ಅದರ ಒಂದು ಪ್ರತಿ 2021ರ ಜನವರಿಯಲ್ಲಿ ಹರಾಜಿನಲ್ಲಿ 5,11,100 ಡಾಲರಿಗೆ ಹೋಯಿತು. ಕೈ ಬದಲಾಯಿಸೋ ಪ್ರತಿಯೊಂದು ಸಣ್ಣ ಚೌಕಾಸಿಯೂ ಸೇರಿ ಸೇರಿ ಒಂದು ಮಾರುಕಟ್ಟೆ ಕಟ್ಟಿತ್ತು.

ಆ ಮಾರುಕಟ್ಟೆಗೆ ಪೆಟ್ಟು ಬಿದ್ದದ್ದು 1995ರಲ್ಲಿ. ಸಿಗದೆ ಹೋಗಿದ್ದ ಹಳೆಯ ಎಲೆಗಳನ್ನು ಕಂಪನಿ 'ಕ್ರಾನಿಕಲ್ಸ್' ಅನ್ನೋ ಮಾಲೆಯಲ್ಲಿ ಮತ್ತೆ ಅಚ್ಚು ಹಾಕಿತು. ಆಡುವವರಿಗೆ ಅನುಕೂಲ, ಕೂಡಿಟ್ಟವರಿಗೆ ನಷ್ಟ. ಗಲಾಟೆಯೋ ಗಲಾಟೆ. ಕೊನೆಗೆ 1996ರಲ್ಲಿ ಕಂಪನಿ ಒಂದು ಪಟ್ಟಿ ಹೊರಡಿಸಿ, "ಈ ಎಲೆಗಳನ್ನು ಮತ್ತೆಂದೂ ಅಚ್ಚು ಹಾಕೋದಿಲ್ಲ" ಅಂತ ಮಾತು ಕೊಟ್ಟಿತು. ರಿಸರ್ವ್ಡ್ ಲಿಸ್ಟ್ ಅಂತ ಅದಕ್ಕೆ ಹೆಸರು.

ಆ ಮಾತು ಕೊಟ್ಟದ್ದು ಕೂಡಿಟ್ಟವರಿಗೆ. ಹೊಸದಾಗಿ ಬರೋ ಹುಡುಗನಿಗೆ ಅದೇ ಗೋಡೆ. ಹಳೆಯ ಮಾದರಿಯ ಪಂದ್ಯಾವಳಿ ಆಡಬೇಕು ಅಂದರೆ ಕಾರಿನ ಬೆಲೆಯ ಎಲೆ ಬೇಕು. 2022ರಲ್ಲಿ, ಆಟದ 30ನೇ ವರ್ಷದ ಸಂಭ್ರಮಕ್ಕೆ, ಕಂಪನಿ ಬ್ಲ್ಯಾಕ್ ಲೋಟಸ್‌ನಂಥ ಎಲೆಗಳನ್ನು ಮತ್ತೆ ಅಚ್ಚು ಹಾಕಿತು. ಆದರೆ ಬೆನ್ನ ಮೇಲಿನ ಚಿತ್ರ ಬೇರೆ, ಪಂದ್ಯಾವಳಿಯಲ್ಲಿ ಬಳಸುವ ಹಾಗಿಲ್ಲ. 15 ಎಲೆಗಳ ನಾಲ್ಕು ಪೊಟ್ಟಣಕ್ಕೆ 999 ಡಾಲರ್! ಅಕ್ಷರಶಃ ಮಾತು ಉಳೀತು. ಆದರೆ ಕೂಡಿಟ್ಟವರಿಗೂ ಖುಷಿಯಿಲ್ಲ, ಆಡುವವರಿಗೂ ಖುಷಿಯಿಲ್ಲ.

ಇನ್ನೊಂದು ಸ್ವಾರಸ್ಯ ಕೇಳಿ. ಕಂಪ್ಯೂಟರಿನಲ್ಲಿ ಆಡೋ ಮ್ಯಾಜಿಕ್‌ನ ಎಲೆಗಳನ್ನು ವಿನಿಮಯ ಮಾಡಿಕೊಳ್ಳೋಕೆ ಅಂತ ಜೆಡ್ ಮೆಕೇಲಬ್ 2007ರಲ್ಲಿ ಒಂದು ತಾಣ ಮಾಡಿದ. 'ಮ್ಯಾಜಿಕ್ ದ ಗ್ಯಾದರಿಂಗ್ ಆನ್‌ಲೈನ್ ಎಕ್ಸ್‌ಚೇಂಜ್' ಅನ್ನೋ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿ. ಅದು ಬೇಗ ಮುಚ್ಚಿಹೋಯ್ತು. 2010ರಲ್ಲಿ ಅದೇ ವಿಳಾಸದಲ್ಲಿ ಬಿಟ್‌ಕಾಯಿನ್ ವಿನಿಮಯ ಶುರು ಮಾಡಿದ. ಹೌದು, 2014ರಲ್ಲಿ ಲಕ್ಷಾಂತರ ಬಿಟ್‌ಕಾಯಿನ್‌ಗಳ ಸಮೇತ ಮುಳುಗಿದ ಮೌಂಟ್ ಗಾಕ್ಸ್ ಅದೇ! (ಅಷ್ಟರಲ್ಲಿ ಅದು ಬೇರೆಯವರ ಕೈಗೆ ಹೋಗಿತ್ತು.)

ಸೋಲೋದು ತಪ್ಪಲ್ಲ, ಸೋಲನ್ನು ಮಾರೋದು ತಪ್ಪು

ಪಂದ್ಯಾವಳಿಗೆ ಬಂದರೆ ಅಲ್ಲಿಯೂ ಮಾತುಕತೆಯೇ. ಗೆದ್ದರೆ 3 ಅಂಕ, ಡ್ರಾ ಆದರೆ 1, ಸೋತರೆ ಸೊನ್ನೆ. ಕೊನೆಯ ಸುತ್ತಿನಲ್ಲಿ ಎದುರುಬದುರು ಕೂತ ಇಬ್ಬರಿಗೂ ಒಂದೊಂದು ಅಂಕ ಸಿಕ್ಕರೆ ಮೊದಲ ಎಂಟರಲ್ಲಿ ಜಾಗ ಖಾತ್ರಿ ಅಂತಿಟ್ಟುಕೊಳ್ಳಿ. ಅವರು ಒಂದೂ ಎಲೆ ಎಳೆಯದೆ ಕೈಕುಲುಕಿ ಎದ್ದುಬಿಡ್ತಾರೆ. ಇದು ನಿಯಮಬದ್ಧ. ಮೊದಲ ಸಲ ನೋಡಿದವರಿಗೆ "ಇದೆಂಥಾ ಆಟ ಮಾರಾಯ್ರೇ!" ಅನ್ನಿಸದೆ ಇರೋದಿಲ್ಲ.

ಗೆಳೆಯನಿಗಾಗಿ ಸೋಲೊಪ್ಪಿಕೊಳ್ಳೋದಕ್ಕೂ ಅಡ್ಡಿಯಿಲ್ಲ. ಆದರೆ, "ಬಹುಮಾನದಲ್ಲಿ ಪಾಲು ಕೊಡ್ತೀಯಾ, ಹಾಗಾದ್ರೆ ಸೋಲ್ತೀನಿ" ಅಂದರೆ ಶಿಕ್ಷೆ ತಪ್ಪಿದ್ದಲ್ಲ. "ಬಹುಮಾನ ಸಮ ಹಂಚಿಕೊಳ್ಳೋಣ" ಅನ್ನೋದು ಸರಿ, ಅದಕ್ಕೊಂದು "ಹಾಗಾದ್ರೆ" ಸೇರಿತೋ ಲಂಚ. ಯಾರು ಗೆದ್ದರು ಅಂತ ದಾಳ ಉರುಳಿಸಿ ತೀರ್ಮಾನ ಮಾಡಿದರೂ ಅದೇ ಗತಿ. ಏನೂ ಅರಿಯದ ಹೊಸಬರು ಒಂದು ಪದ ಹೆಚ್ಚು ಆಡಿ ಸಿಕ್ಕಿಹಾಕಿಕೊಳ್ತಾರೆ, ಪಳಗಿದವರು ಕಣ್ಸನ್ನೆಯಲ್ಲೇ ಮುಗಿಸ್ತಾರೆ. ಮಾತು ಆಡಿದರೆ ಹೋಯ್ತು ಅನ್ನೋ ಗಾದೆ ಇಲ್ಲಿಗೆ ಎಷ್ಟು ಚೆನ್ನಾಗಿ ಒಪ್ಪುತ್ತೆ ನೋಡಿ.

ನಾಲ್ವರ ಮೇಜು

ಒಪ್ಪಂದಗಳ ನಿಜವಾದ ಮಜಾ ಇರೋದು 'ಕಮಾಂಡರ್' ಅನ್ನೋ ಪ್ರಕಾರದಲ್ಲಿ. ಇದನ್ನು ಹುಟ್ಟುಹಾಕಿದ್ದು ಕಂಪನಿಯಲ್ಲ, ಅಲಾಸ್ಕಾದ ಆಟಗಾರರು. ಶೆಲ್ಡನ್ ಮೆನೆರಿ ಎಂಬ ತೀರ್ಪುಗಾರ ಅದನ್ನು ಎಲ್ಲೆಡೆ ಹಬ್ಬಿಸಿದರು. ಕಂಪನಿ ಇದಕ್ಕೆಂದೇ ಎಲೆಕಟ್ಟು ಹೊರತಂದದ್ದು 2011ರಲ್ಲಿ. ಸಾಮಾನ್ಯವಾಗಿ ನಾಲ್ಕು ಜನ, ಒಬ್ಬೊಬ್ಬರಿಗೆ 100 ಎಲೆ, 40 ಪ್ರಾಣಾಂಕ.

ಇಬ್ಬರೇ ಆಡುವಾಗ ಎದುರಾಳಿಗೆ ಕೆಟ್ಟದ್ದೆಲ್ಲ ನನಗೆ ಒಳ್ಳೆಯದು, ಮಾತಾಡೋಕೆ ಏನೂ ಇಲ್ಲ. ನಾಲ್ವರಾದ ಕೂಡಲೇ ರಾಜಕೀಯ ಶುರು. "ಈ ಸುತ್ತು ನನ್ನ ಮೇಲೆ ಬರಬೇಡ, ಅವನ ಡ್ರ್ಯಾಗನ್ ನಾನು ತೆಗೀತೀನಿ." "ನಂಬಬೇಡ ಕಣೋ, ಹೋದ ವಾರ ನಂಗೂ ಹೀಗೇ ಅಂದಿದ್ದ!" ಎಲ್ಲರಿಗಿಂತ ಮುಂದಿರುವವನು, ತಾನೇ ಎಲ್ಲರಿಗಿಂತ ಬಡವ ಅಂತ ಅಳುತ್ತಾ ಕೂತಿರ್ತಾನೆ. ಹಿಂದುಳಿದವನಿಗೆ ಏಕಾಏಕಿ ಇಬ್ಬರು ಸ್ನೇಹಿತರು. ಆಟ ಮುಗಿದ ಮೇಲೆ ಯಾರ ಬಾಯಲ್ಲೂ ಯಾವ ಎಲೆ ಬಿತ್ತು ಅನ್ನೋದು ಇರೋದಿಲ್ಲ, ಯಾರು ಯಾರಿಗೆ ಕೈಕೊಟ್ಟರು ಅನ್ನೋದಷ್ಟೇ!

ಕೊಟ್ಟ ಮಾತು ಮುರಿದರೆ ಏನು ಶಿಕ್ಷೆ? ಆಟದ ನಿಯಮಗಳ ಪ್ರಕಾರ ಏನೂ ಇಲ್ಲ. ಆದರೂ ಬಹಳ ಮಂದಿ ಮಾತು ಮುರಿಯೋದಿಲ್ಲ. ಕಾರಣ ಸರಳ, ಮುಂದಿನ ಶುಕ್ರವಾರ ಅದೇ ಅಂಗಡಿಯಲ್ಲಿ ಅದೇ ಮೂವರ ಮುಂದೆ ಕೂರಬೇಕು. ಆಟ ಶುರುವಾಗೋ ಮುಂಚೆಯೂ ಒಂದು ಒಪ್ಪಂದ ಇರುತ್ತೆ, 'ರೂಲ್ ಜೀರೋ' ಅಂತಾರೆ. "ಇವತ್ತು ಎಷ್ಟು ಜೋರಾಗಿ ಆಡೋಣ? ಯಾವ ಎಲೆ ಬೇಡ?" ಅಂತ ನಾಲ್ವರೂ ಮಾತಾಡಿಕೊಳ್ಳೋದು. "ಬೇಡ ಬಿಡೋ" ಅಂದಿದ್ದ 1993ರ ಹುಡುಗರ ಮೊಮ್ಮಗು ಇದು ಅಂದ್ರೂ ಸರಿಯೇ.

ಮೆನೆರಿ 2023ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಮರುವರ್ಷ, 2024ರ ಸೆಪ್ಟೆಂಬರ್ 23ರಂದು, ಈ ಪ್ರಕಾರವನ್ನು ನೋಡಿಕೊಳ್ಳುತ್ತಿದ್ದ ಸ್ವತಂತ್ರ ಸಮಿತಿ 'ಮನಾ ಕ್ರಿಪ್ಟ್', 'ಜುವೆಲ್ಡ್ ಲೋಟಸ್' ಸೇರಿದಂತೆ ನಾಲ್ಕು ಎಲೆಗಳನ್ನು ನಿಷೇಧಿಸಿತು. ಆಟ ಅತಿ ವೇಗವಾಗುತ್ತಿದೆ ಅನ್ನೋದು ಅವರ ಕಾರಣ. ದುಬಾರಿ ಎಲೆಗಳ ಬೆಲೆ ದಡಕ್ಕನೆ ಕುಸಿಯಿತು. ಸಮಿತಿಯವರಿಗೆ ಬೆದರಿಕೆಗಳು ಬಂದವು. ಒಂದೇ ವಾರದಲ್ಲಿ, ಸೆಪ್ಟೆಂಬರ್ 30ಕ್ಕೆ, ಜವಾಬ್ದಾರಿಯೆಲ್ಲ ಕಂಪನಿಯ ಕೈಗೆ ಹೋಯ್ತು. 2025ರ ಫೆಬ್ರವರಿಯಲ್ಲಿ ಕಂಪನಿ ಎಲೆಕಟ್ಟುಗಳ ಬಲವನ್ನು ಐದು ದರ್ಜೆಗಳಲ್ಲಿ ಅಳೆಯೋ ಪದ್ಧತಿಯನ್ನು ಪ್ರಯೋಗಕ್ಕೆ ತಂತು. ನಾಲ್ವರು ಬಾಯಿಮಾತಲ್ಲಿ ಮುಗಿಸುತ್ತಿದ್ದದ್ದಕ್ಕೆ ಈಗ ಒಂದರಿಂದ ಐದರವರೆಗೆ ಅಂಕಿ.

ನನಗೆ ಆ ದರ್ಜೆಗಳ ಬಗ್ಗೆ ತಕರಾರಿಲ್ಲ. ಗುರುತಿಲ್ಲದ ಊರಲ್ಲಿ ಅಪರಿಚಿತರ ಜೊತೆ ಆಡೋಕೆ ಕೂತವನಿಗೆ ಅದು ಬಹಳ ಅನುಕೂಲ. ಬೇಸರ ಆದದ್ದು ಬೆದರಿಕೆಗಳ ವಿಷಯದಲ್ಲಿ. ಸಂಬಳವಿಲ್ಲದೆ, ಆಟದ ಮೇಲಿನ ಪ್ರೀತಿಗೆ ದುಡಿದವರು ಅವರು. ಮೇಜಿನ ಮೇಲೆ ಎಲೆಯಾಗಿದ್ದದ್ದು ಕಪಾಟಿನಲ್ಲಿ ಆಸ್ತಿಯಾದಾಗ, ಮುಂದಿನ ಶುಕ್ರವಾರ ಮುಖ ನೋಡಬೇಕಲ್ಲ ಅನ್ನೋ ದಾಕ್ಷಿಣ್ಯ ಎಲ್ಲಿಂದ ಬರಬೇಕು? ಕೂಡಿಟ್ಟವನು ಆಡೋಕೇ ಬರೋದಿಲ್ಲವಲ್ಲ!

ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಇಂಥ ಎಲೆಗಳ ಡಬ್ಬ ಹಿಡಿದು ಹೊರಟರೆ, ಬೆಲೆ ಕೇಳೋ ಮುಂಚೆ ಇನ್ನೊಂದು ಪ್ರಶ್ನೆ ಕೇಳಿ ನೋಡಿ: "ಇವತ್ತು ಯಾರ ಜೊತೆ ಏನು ಡೀಲ್ ಮಾಡ್ಕೊಂಡೆ? ಮಾತು ಉಳಿಸಿಕೊಂಡ್ಯಾ?" ಉತ್ತರ ಉದ್ದ ಇರುತ್ತೆ, ಕಾಫಿ ಲೋಟ ಕೈಯಲ್ಲಿಟ್ಕೊಂಡೇ ಕೂತ್ಕೊಳ್ಳಿ.